ಮಿಸ್ತ್ರಿಯ ಕಿವಿ, ಜಿನ್ನಿನ ಗದ್ದಲ

ಬಾಗಿಲು ಹಾಕುತ್ತೇನೆ ಎಂದ ಕೂಡಲೇ ಮಿಸ್ತ್ರಿ ಕುರ್ಚಿಯಿಂದ ಎದ್ದು ನಿಂತುಬಿಟ್ಟರು.

"ಬಾಗಲಾ ಹಾಕಬ್ಯಾಡ್ರಿ ಬಾಯಾರ."

"ಹಾಕಲಿಲ್ಲಂದ್ರ ಹೊರಗಿನ ಸಪ್ಪಳ ಒಳಗ ಬರತೈತ್ರಿ. ಪರೀಕ್ಷಾ ಆಗಂಗಿಲ್ಲ."

"ಹಂಗಾದ್ರ ಪರೀಕ್ಷಾನ ಬ್ಯಾಡ ಬಿಡ್ರಿ."

ಐವತ್ತು ದಾಟಿದ, ಮೈಕಟ್ಟು ಗಟ್ಟಿ ಇದ್ದ ಆಳು. ಅಂಥವರ ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂದಿತ್ತು. ನನಗೋ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಹೊರಗೆ ಬೆಂಚಿನ ಮೇಲೆ ಇನ್ನೂ ಮಂದಿ ಕಾಯುತ್ತಿದ್ದರು, ಕರೆಂಟು ಯಾವ ಗಳಿಗೆಗೆ ಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಬಾಗಿಲಿಗೆ ಬಂದಳು.

"ಸಿಟ್ಟ ಮಾಡಬ್ಯಾಡ್ರಿ ಬಾಯಾರ. ಹರೇದಾಗ ಹತ್ತಿ ಒಟ್ಟಿಲ ಮೈಮ್ಯಾಲ ಕುಸದು ಒಳಗ ಸಿಕ್ಕೊಂಡಿದ್ರು. ಅವತ್ತಿಂದ ಮುಚ್ಚಿದ ಜಾಗಾದಾಗ ಒಬ್ಬರ ಕುಂದ್ರಂಗಿಲ್ಲ. ನಾ ಒಳಗ ಕುಂತ್ರ ಕುಂದರತಾರ ನೋಡ್ರಿ."

ಆ ಕೋಣೆಯ ಮೇಲೆ ನನಗೂ ಅಂಥ ಪ್ರೀತಿ ಇರಲಿಲ್ಲ. ಕಿಟಕಿ ಇಲ್ಲ, ಗೋಡೆಗೆಲ್ಲ ದಪ್ಪನೆಯ ಹೊದಿಕೆ, ಬಾಗಿಲಿಗೆ ಎರಡು ಪದರು. ಫ್ಯಾನಿನ ಸಪ್ಪಳ ಕೇಳಬಾರದೆಂದು ಪರೀಕ್ಷೆಯ ಹೊತ್ತಿಗೆ ಅದನ್ನೂ ನಿಲ್ಲಿಸಬೇಕು. ಬೈಲಹೊಂಗಲದ ಬೇಸಿಗೆಯಲ್ಲಿ ಅದರೊಳಗೆ ಕೂತವರು ಬೆಂದ ಬದನೇಕಾಯಿಯಾಗಿ ಹೊರಗೆ ಬರುತ್ತಿದ್ದರು. ಒಂದು ಗೋಡೆಗೆ ಮಾತ್ರ ದಪ್ಪ ಗಾಜು ಕೂರಿಸಿದ್ದರು. ಗಾಜಿನ ಈ ಕಡೆ, ಕೋಣೆಯ ಹೊರಗೆ ನನ್ನ ಮೇಜು, ಯಂತ್ರ, ಮೈಕು. ಆ ಕಡೆ ಪರೀಕ್ಷೆಗೆ ಬಂದವರ ಕುರ್ಚಿ. ಅವರು ನನ್ನ ಮುಖ ನೋಡಿ ಉತ್ತರ ಊಹಿಸಬಾರದೆಂದು ಕುರ್ಚಿಯನ್ನು ಗಾಜಿಗೆ ಅಡ್ಡಲಾಗಿ ಇಡುತ್ತಿದ್ದೆ. ಹೋಗಲಿ ಬಿಡು ಎಂದು ಒಂದು ಸ್ಟೂಲು ತಂದು ಮಿಸ್ತ್ರಿಯ ಎದುರಿನ ಮೂಲೆಯಲ್ಲಿ ಹಾಕಿ, ಆ ಹೆಂಗಸನ್ನು ಕೂರಿಸಿ, ಬಾಗಿಲು ಹಾಕಿದೆ. ಮಿಸ್ತ್ರಿ ಹೆಂಡತಿಯ ಮುಖ ನೋಡುತ್ತ ನಿಧಾನವಾಗಿ ಉಸಿರುಬಿಟ್ಟರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಓದು ಮುಗಿಸಿ ಮೈಸೂರಿನಿಂದ ಬಂದು, ನಮ್ಮ ರಾಮದುರ್ಗಕ್ಕೆ ಹತ್ತಿರವಾಯಿತಲ್ಲ ಎಂದು ಆ ಆಸ್ಪತ್ರೆ ಸೇರಿದ್ದೆ. ಕಿವಿ ಪರೀಕ್ಷೆ ಮಾಡುವವಳು ನಾನೊಬ್ಬಳೇ. ನನ್ನ ಮೇಲೆ ದೊಡ್ಡ ಡಾಕ್ಟರು.

ಮಿಸ್ತ್ರಿಯನ್ನು ಕಳಿಸಿದವರು ಊರ ಹೊರಗಿನ ಹತ್ತಿ ಜಿನ್ನಿನ ಮಾಲಕರು. ಜಿನ್ನು ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡಿ ಅರಳೆ ತೆಗೆಯುವ ಕಾರ್ಖಾನೆ. ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಯಂತ್ರಗಳು. ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು ಕೂತು ಹತ್ತಿ ಉಣಿಸುತ್ತಾಳೆ. ಯಂತ್ರ ತಿರುಗಿಸುವ ಪಟ್ಟಾಗಳು, ಅಂದರೆ ಬೆಲ್ಟುಗಳು, ಕಟ್ಟೆಯ ಕೆಳಗೆ ಓಡುತ್ತವೆ. ಯಾರದಾದರೂ ಸೆರಗೋ ಕೈಯೋ ಸಿಕ್ಕಿಕೊಂಡರೆ "ಬಂದ್ ಮಾಡ್ರೀ" ಎಂದು ಒದರಬೇಕು, ಸಾಲಿನ ತುದಿಯಲ್ಲಿ ನಿಂತ ಮಿಸ್ತ್ರಿ ದೊಡ್ಡ ಸ್ವಿಚ್ಚು ಎಳೆಯಬೇಕು. ವರ್ಷಗಟ್ಟಲೆ ಆ ಜಾಗದಲ್ಲಿ ನಿಂತವರು ಇವರೇ. ಇವರ ಹೆಂಡತಿಯೂ ಅಲ್ಲೇ, ಅದೇ ಸಾಲಿನಲ್ಲಿ ಹತ್ತಿ ಉಣಿಸುವವಳು.

ಕೆಲವು ದಿನಗಳ ಹಿಂದೆ ಹೂಲಿ ಕಡೆಯ ಒಬ್ಬ ಹೆಂಗಸಿನ ಸೆರಗು ಪಟ್ಟಾಕ್ಕೆ ಸಿಕ್ಕಿತ್ತು. ಆಕೆ ಒದರಿದಳು. ಯಂತ್ರ ನಿಲ್ಲಲಿಲ್ಲ. ಪಕ್ಕದವಳು ಸೊಂಟ ಹಿಡಿದು ಜಗ್ಗಿದಳು, ಇನ್ನೊಬ್ಬಳು ಓಡಿ ಹೋಗಿ ಮಿಸ್ತ್ರಿಯ ಬೆನ್ನಿಗೆ ಗುದ್ದಿದ ಮೇಲೆ ಸ್ವಿಚ್ಚು ಇಳಿಯಿತು. ಜೀವ ಉಳಿಯಿತು, ಎರಡು ಬೆರಳು ಜಜ್ಜಿಹೋದವು. ಮರುದಿನ ಹೆಂಗಸರು ಯಾರೂ ಕಟ್ಟೆ ಹತ್ತಲಿಲ್ಲ. "ಮಿಸ್ತ್ರಿ ಕಿವಿ ತೋರಸ್ರಿ, ಡಾಕ್ಟರ ಕಡಿಂದ ಬರಸ್ಕೊಂಡ ಬರ್ರಿ, ಆಮ್ಯಾಲ ಕುಂದರತೇವಿ" ಎಂದು ಗೇಟಿನ ಬಳಿ ಕೂತುಬಿಟ್ಟರು. ಹಂಗಾಮಿನ ಹೊತ್ತು. ಹತ್ತಿ ಹೇರಿದ ಗಾಡಿಗಳು ರಸ್ತೆಗೆ ನಿಂತಿದ್ದವು.

ಅವತ್ತು ನಾನು ಮಾಡಿದ್ದು ಎಂದಿನ ಪರೀಕ್ಷೆ. ಕಿವಿಗೆ ಹೆಡ್‌ಫೋನು ಹಾಕಿ ಸಣ್ಣ ದನಿ, ದಪ್ಪ ದನಿ ಒಂದೊಂದಾಗಿ ಕಳಿಸುವುದು, ಕೇಳಿದಾಗ ಕೈ ಎತ್ತಿಸುವುದು. ದಪ್ಪ ದನಿಗಳು ಮಿಸ್ತ್ರಿಗೆ ಸರಿಯಾಗಿಯೇ ಕೇಳಿದವು. ಮೇಲಿನ ತೆಳು ದನಿಗಳಿಗೆ ಬಂದಾಗ ಗೆರೆ ಜಾರಿತು. ಗದ್ದಲದಲ್ಲಿ ದುಡಿದ ಕಿವಿಗಳಲ್ಲಿ ಇದು ಮಾಮೂಲು, ಅಂಥ ಭಾರಿ ಇಳಿತವೂ ಅಲ್ಲ. ಆಮೇಲೆ ಮಾತಿನ ಪರೀಕ್ಷೆ. ಬಾಯಿಗೆ ರಟ್ಟು ಅಡ್ಡ ಹಿಡಿದು, ಮೈಕಿನಲ್ಲಿ ಒಂದೊಂದೇ ಶಬ್ದ ಓದಿದೆ. ಮಿಸ್ತ್ರಿ ತಿರುಗಿ ಹೇಳಿದರು. ಒಂದೆರಡು ಬಿಟ್ಟರೆ ಎಲ್ಲ ಸರಿ.

ದೊಡ್ಡ ಡಾಕ್ಟರು ಹಾಳೆ ನೋಡಿ ನಕ್ಕರು. "ಮಾತೆಲ್ಲಾ ಕೇಳತಾವಲ್ಲವಾ. ಕಿವಿ ಕೆಲಸಕ್ಕ ಸಾಕಷ್ಟ ಐತಿ ಅಂತ ಬರದ ಕೊಟ್ಟಬಿಡು."

"ಸರ್, ಇದು ಸುಮ್ಮನಿದ್ದ ಕೋಣ್ಯಾಗ ಕೇಳಿದ್ದರಿ. ಜಿನ್ನಿನ್ಯಾಗ ಏನ ಕೇಳತೈತಿ ಅಂಬೂದು ಇದರಾಗ ಗೊತ್ತಾಗಂಗಿಲ್ರಿ."

ನಾನು ಹೇಳಿದ್ದರಲ್ಲಿ ಹೊಸತೇನೂ ಇರಲಿಲ್ಲ. ಹಾಳೆಯ ಮೇಲೆ ಇಬ್ಬರ ಗೆರೆ ಒಂದೇ ತೆರನಾಗಿ ಇಳಿದಿರುತ್ತದೆ. ಒಬ್ಬ ಸಂತೆಯ ನಟ್ಟನಡುವೆ ನಿಂತು ವ್ಯಾಪಾರ ಮಾಡುತ್ತಾನೆ, ಇನ್ನೊಬ್ಬನಿಗೆ ಮನೆಯಲ್ಲಿ ನಾಲ್ಕು ಮಂದಿ ಕೂಡಿ ಮಾತಾಡಿದರೆ ತಲೆಬುಡ ತಿಳಿಯುವುದಿಲ್ಲ. ಗದ್ದಲದಲ್ಲಿ ಮಾತು ತಿಳಿಯುತ್ತದೋ ಇಲ್ಲವೋ ನೋಡಬೇಕಾದರೆ ಗದ್ದಲ ಹಾಕಿಯೇ ನೋಡಬೇಕು. ನಮ್ಮ ಯಂತ್ರದಲ್ಲಿ ಒಂದು ಗದ್ದಲವಿತ್ತು, ಒಗ್ಗರಣೆಯ ಚುರ್ ಸದ್ದನ್ನು ಎಳೆದು ಉದ್ದ ಮಾಡಿದ ಹಾಗೆ. ಅದನ್ನೂ ಹಾಕಿ ನೋಡಿದ್ದೆ. ಮಿಸ್ತ್ರಿ ಸ್ವಲ್ಪ ಎಡವಿದರು, ಬೀಳಲಿಲ್ಲ. ಆ ಚುರ್ ಸದ್ದಿಗೂ ಜಿನ್ನಿಗೂ ಏನು ಸಂಬಂಧ?

"ಇಲ್ಲದ ಉಸಾಬರಿ ಹಚ್ಚಕೋಬ್ಯಾಡ," ಎಂದರು ಡಾಕ್ಟರು. ಅವರ ಕಷ್ಟ ನನಗೆ ಗೊತ್ತಿತ್ತು. ಜಿನ್ನಿನ ಮಾಲಕರು ಆಸ್ಪತ್ರೆಯ ಟ್ರಸ್ಟಿನವರು. ಪರೀಕ್ಷೆಯ ಆ ಗಾಳಿಯಿಲ್ಲದ ಕೋಣೆ ಕಟ್ಟಿಸಿಕೊಟ್ಟವರೂ ಅವರೇ.

ಬರೆದುಬಿಡುತ್ತಿದ್ದೆನೇನೋ. ಆದರೆ ಸಂಜೆ ಬೆರಳಿನ ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದ ಹೂಲಿಯ ಹೆಂಗಸು ನನ್ನ ಬಾಗಿಲಲ್ಲಿ ಬಂದು ನಿಂತಳು. ಕೈ ಎದೆಗೆ ಕಟ್ಟಿದ್ದರು.

"ಮಿಸ್ತ್ರಿ ಕಿವಿ ಚೊಲೋ ಅದಾವಂತ ಬರೀತೀರಂತಲ್ರಿ?"

"ಇನ್ನೂ ಬರದಿಲ್ಲವಾ."

"ಬರದ್ರೂ ಬರೀರಿ. ಆದ್ರ ಒಂದ ಮಾತ ಹೇಳ್ರಿ. ಕಿವಿ ಚೊಲೋ ಇದ್ದೂ ಆ ಮನಷ್ಯಾ ಯಾಕ ನಿಂದ್ರಸಲಿಲ್ಲ? ನಾ ಅವರಿಗೆ ಏನ ಮಾಡಿದ್ನಿ?"

ಕಿವಿ ಸರಿ ಎಂದು ಬರೆದರೆ ಮಿಸ್ತ್ರಿ ಕೇಳಿಯೂ ಕೈ ಕಟ್ಟಿ ನಿಂತರು ಎಂದಾಗುತ್ತದೆ, ಇಲ್ಲವೇ ಈಕೆ ಒದರಲೇ ಇಲ್ಲ ಎಂದಾಗುತ್ತದೆ. ಸರಿಯಿಲ್ಲ ಎಂದು ಬರೆಯಲು ನನ್ನ ಕೈಯಲ್ಲಿ ಆಧಾರವಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು, ನುಂಗಲಾರೆ, ಉಗುಳಲಾರೆ. ನಾಳೆ ಜಿನ್ನಿಗೆ ಬಂದು ನೋಡುತ್ತೇನೆ ಎಂದು ಆಕೆಗೆ ಹೇಳಿ ಕಳಿಸಿದೆ.

ಹೆಂಗಸರನ್ನು ಒಪ್ಪಿಸಿ, ಮಿಸ್ತ್ರಿಯ ಬದಲು ಬೇರೆಯವನನ್ನು ಆ ಹೊತ್ತಿಗೆ ನಿಲ್ಲಿಸಿ, ಮಾಲಕರು ನನಗಾಗಿ ಯಂತ್ರ ಓಡಿಸಿದರು. ಅಬ್ಬಬ್ಬಾ, ಆ ಸದ್ದು! ಕಟ್ಟೆ ಹತ್ತಿದೊಡನೆ ನನ್ನ ಹಲ್ಲುಗಳೇ ಅದುರಿದವು. ಗಾಳಿಯ ತುಂಬ ಅರಳೆಯ ಎಳೆ, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸೀನು ನಿಲ್ಲಲಿಲ್ಲ. ಸ್ವಿಚ್ಚಿನ ಹತ್ತಿರ, ಮಿಸ್ತ್ರಿ ನಿಲ್ಲುವ ಜಾಗದಲ್ಲೇ ಟೇಪ್ ರೆಕಾರ್ಡರ್ ಹಿಡಿದು ಕ್ಯಾಸೆಟ್ಟಿನ ಒಂದು ಮಗ್ಗುಲು ತುಂಬುವವರೆಗೆ ಆ ಗದ್ದಲ ಹಿಡಿದುಕೊಂಡೆ. ಸದ್ದು ಅಳೆಯುವ ಮೀಟರನ್ನೂ ಒಯ್ದಿದ್ದೆ, ಗದ್ದಲ ಎಷ್ಟೆಂದು ಗುರುತು ಹಾಕಿಕೊಂಡೆ. ಸಾಲಿನಲ್ಲಿ ಕೂತ ಹೆಂಗಸರ ಬಾಯಿಗಳು ಅಲುಗಾಡುತ್ತಲೇ ಇದ್ದವು. ಹಾಡಿಕೊಳ್ಳುತ್ತಾರೆ ಪಾಪ, ಬೇಸರ ಕಳೆಯಲಿ ಎಂದುಕೊಂಡೆ.

ಊಟದ ಬಿಡುವಿನಲ್ಲಿ ಯಂತ್ರ ನಿಂತಿತು. ಸಾಲಿನ ಆ ತುದಿಯಲ್ಲಿ ಒಬ್ಬಾಕೆಯನ್ನು ಕೂರಿಸಿ "ಬಂದ್ ಮಾಡ್ರೀ" ಎಂದು ಒದರಿಸಿದೆ. ಮೊದಲು ಎಲ್ಲರೂ ನಕ್ಕರು. "ಖರೇನ ಸಿಕ್ಕೊಂಡಂಗ ಒದರಬೇ" ಎಂದು ಪಕ್ಕದವಳು ತಿವಿದಳು. ಆಕೆ ಒದರಿದಳು. ಸ್ವಿಚ್ಚಿನ ಹತ್ತಿರ ನಿಂತು ಮೀಟರು ನೋಡಿದೆ. ಗದ್ದಲದ ಗುರುತು ಎಲ್ಲಿತ್ತೋ ಆಕೆಯ ಕೂಗೂ ಅಲ್ಲಿಗೇ ಬಂದು ನಿಂತಿತು. ಮಾತು, ಗದ್ದಲ ಸಮ ಸಮ. ಕಿವಿ ಸರಿ ಇದ್ದವರು ಹಾಗಿದ್ದರೂ ಕೂಗನ್ನು ಹಿಡಿಯುತ್ತಾರೆ. ಮಿಸ್ತ್ರಿ ಹಿಡಿಯುತ್ತಾರೋ ಇಲ್ಲವೋ, ಇಷ್ಟೇ ನನಗೆ ಬೇಕಿದ್ದದ್ದು.

ಮರುದಿನ ಗಂಡ ಹೆಂಡತಿ ಮತ್ತೆ ಬಂದರು. ಈ ಸಲ ಹೆಡ್‌ಫೋನು ಇಲ್ಲ. ಜಿನ್ನಿನಲ್ಲಿ ಯಾರು ಹೆಡ್‌ಫೋನು ಹಾಕಿಕೊಂಡು ನಿಲ್ಲುತ್ತಾರೆ? ಕೋಣೆಯಲ್ಲಿ ಎರಡು ಸ್ಪೀಕರು ಇಟ್ಟು, ಒಂದರಲ್ಲಿ ಜಿನ್ನಿನ ಗದ್ದಲ, ಇನ್ನೊಂದರಲ್ಲಿ ನನ್ನ ದನಿ. ಜಿನ್ನಿನಷ್ಟು ಜೋರಾಗಿ ಹಾಕುವಂತಿರಲಿಲ್ಲ, ಇದ್ದ ಕಿವಿಯೂ ಹೋದೀತು. ಅದಕ್ಕೆ ಎರಡನ್ನೂ ಒಂದೇ ಅಳತೆಗೆ ಇಳಿಸಿ, ಸಮ ಸಮವಾಗಿಯೇ ಉಳಿಸಿಕೊಂಡೆ. ಮಿಸ್ತ್ರಿಯ ಹೆಂಡತಿಯನ್ನು ಜಿನ್ನಿನವರ ಹಾಗೆ ನಾನೂ ಭಾಬಿ ಎನ್ನತೊಡಗಿದ್ದೆ. ಭಾಬಿ ಮೊನ್ನೆಯ ಹಾಗೆ ಎದುರಿನ ಮೂಲೆಯ ಸ್ಟೂಲಿನ ಮೇಲೆ.

ಕ್ಯಾಸೆಟ್ ಹಾಕಿದೆ. ರಟ್ಟು ಅಡ್ಡ ಹಿಡಿದೆ. ಓದತೊಡಗಿದೆ.

ಮಿಸ್ತ್ರಿ ಪಟಪಟನೆ ಹೇಳುತ್ತ ಹೋದರು. ಅಲ್ಲೊಂದು ಇಲ್ಲೊಂದು ತಪ್ಪು, ಉಳಿದದ್ದೆಲ್ಲ ಸರಿ. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಆಮೇಲೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಹೋಗಿ ಆ ಇಬ್ಬರಿಗೂ ಚಹಾ ತರಿಸಲೇ ಎನಿಸಿತು. ಕಿವಿ ಸರಿ ಇದೆ. ಅಂದು ಏನೋ ಗಮನ ತಪ್ಪಿರಬೇಕು, ಮನುಷ್ಯ ಅಂದ ಮೇಲೆ ತಪ್ಪುತ್ತದೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನಾನು ಬಿಡುಗಡೆಯಾದೆ.

ಇಂಥ ಪರೀಕ್ಷೆಯನ್ನು ಒಂದು ಸಲಕ್ಕೆ ನಂಬಬಾರದು, ಬೇರೆ ಶಬ್ದಗಳಿಂದ ಇನ್ನೊಮ್ಮೆ ನೋಡಬೇಕು ಎಂದು ನಮಗೆ ಕಲಿಸಿದ್ದರು. ಇನ್ನೊಮ್ಮೆ ಶುರು ಮಾಡಿದೆ. ಈ ಸಲ ಮನಸ್ಸು ಹಗುರಾಗಿತ್ತು, ಸುತ್ತ ನೋಡುವಷ್ಟು ಪುರುಸೊತ್ತೂ ಇತ್ತು. ಗಾಜಿನಿಂದ ಭಾಬಿಯ ಮುಖ ಒಂದು ಮಗ್ಗುಲಿನಿಂದ ಕಾಣುತ್ತಿತ್ತು. ಆಕೆಯ ತುಟಿಗಳು ಅಲ್ಲಾಡುತ್ತಿದ್ದವು. ಗಂಡನ ನೌಕರಿ ಉಳಿಯಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಇನ್ನೊಂದು ಶಬ್ದ ಓದಿದೆ. ತುಟಿ ಅಲ್ಲಾಡಿತು, ಮಿಸ್ತ್ರಿ ಹೇಳಿದರು. ಓದುವುದನ್ನು ತಡೆದೆ. ತುಟಿಯೂ ತಡೆಯಿತು. ಮತ್ತೆ ಓದಿದೆ. ತುಟಿ, ಆಮೇಲೆ ಮಿಸ್ತ್ರಿ. ಪ್ರತಿ ಸಲವೂ ಮೊದಲು ತುಟಿ, ಆಮೇಲೆ ಮಿಸ್ತ್ರಿ.

ನನ್ನ ಮೈಯೆಲ್ಲ ಉರಿದುಹೋಯಿತು. ಕ್ಯಾಸೆಟ್ ನಿಲ್ಲಿಸಿ, ಬಾಗಿಲು ದೂಡಿ ಒಳಗೆ ನುಗ್ಗಿದೆ.

"ಏನ್ ಭಾಬಿ, ನಾ ಇಲ್ಲಿ ಗಂಟಲ ಹರಕೊಂಡು ಪರೀಕ್ಷಾ ಮಾಡಾಕತ್ತೇನಿ, ನೀವು ಕುಂತ ಹೇಳಿಕೊಡಾಕತ್ತೀರಿ? ಸಣ್ಣ ಹುಡುಗರ ಸಾಲಿ ಅಂತ ತಿಳದೀರೇನು?"

ಆಕೆ ಕಣ್ಣು ಕಣ್ಣು ಬಿಟ್ಟಳು. "ನಾ ಏನ್ ಮಾಡಿದ್ನಿರಿ ಬಾಯಾರ? ಬಾಯಿ ಸೈತ ತಗದಿಲ್ಲ."

"ದನಿ ತಗದಿಲ್ಲ. ತುಟಿ ಅಲ್ಲಾಡಸಾಕತ್ತಿದ್ರಿ."

"ತುಟಿ?" ಆಕೆ ಬೆರಳಿನಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡಳು. "ಅಲ್ಲಾನ ಆಣಿರಿ, ನನಗ ಗೊತ್ತಿಲ್ಲ."

ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿಯಿತು, ಬದಲಿಗೆ ಒಂದು ಹೆದರಿಕೆ ಹೊಕ್ಕಿತು. ಮಿಸ್ತ್ರಿ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಅವರೇ ಹೇಳಿದರು.

"ಜಿನ್ನಿನ್ಯಾಗ ಹಂಗ ರಿ ಬಾಯಾರ. ಅಲ್ಲಿ ಯಾರ ಮಾತೂ ಯಾರಿಗೂ ನೆಟ್ಟಗ ಕೇಳಂಗಿಲ್ಲ. ಒಬ್ಬಾಕಿ ಅಂದದ್ದನ್ನ ಬಾಜೂದಾಕಿ ತುಟಿ ಮ್ಯಾಲ ಅಂತಾಳ, ಅಕಿನ್ನ ನೋಡಿ ಮುಂದಿನಾಕಿ ಅಂತಾಳ. ಹಂಗ ಸಾಲ ಹಿಡದ ಬರತೈತಿ. ಯಾರೂ ಯಾರಿಗೂ ಕಲಸಿಲ್ಲ. ಒಂದ ಹಂಗಾಮ ದುಡದ್ರ ತುಟಿ ತಾನ ಕಲಿತೈತ್ರಿ."

ಹಾಡಿಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದಿದ್ದ ಆ ಬಾಯಿಗಳು!

ಭಾಬಿಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಮತ್ತೆ ಕ್ಯಾಸೆಟ್ ಹಾಕಿದೆ. ಓದಿದೆ. ಮಿಸ್ತ್ರಿ ಸುಮ್ಮನಿದ್ದರು. ಇನ್ನೊಂದು ಓದಿದೆ. ಏನೋ ಒಂದು ಹೇಳಿದರು, ಅದಕ್ಕೂ ನಾನು ಓದಿದ್ದಕ್ಕೂ ನಂಟೇ ಇರಲಿಲ್ಲ. ನನ್ನ ದನಿಯನ್ನು ಗದ್ದಲಕ್ಕಿಂತ ತುಸು ಮೇಲೆ ಏರಿಸಿದೆ. ಆಗಲೂ ಎಲ್ಲೋ ಒಂದೊಂದು ಶಬ್ದ. ಅವರ ಕತ್ತು ಮಾತ್ರ ಮತ್ತೆ ಮತ್ತೆ ಹೆಂಡತಿಯ ಬೆನ್ನಿನ ಕಡೆ ತಿರುಗುತ್ತಿತ್ತು.

ಹೊರಗೆ ಕರೆದು ಕೂರಿಸಿ ಕೇಳಿದೆ. ಹೂಲಿಯಾಕೆಯ ಸೆರಗು ಸಿಕ್ಕ ದಿನ ಭಾಬಿ ಎಲ್ಲಿದ್ದಳು? ಮಗಳ ಬಾಣಂತನಕ್ಕೆ ಮುನವಳ್ಳಿಗೆ ಹೋಗಿದ್ದಳು. ಆಕೆಯ ಯಂತ್ರ ಆ ದಿನ ಖಾಲಿ. ಅದು ಇದ್ದದ್ದು ಸ್ವಿಚ್ಚಿಗೆ ನೇರ ಎದುರಿಗೆ. ಮಿಸ್ತ್ರಿ ಇಷ್ಟು ವರ್ಷ ಕೇಳುತ್ತಿದ್ದದ್ದು ಆ ಒಂದು ಮುಖದಿಂದ. ತುಟಿ ಬೇಕಾದದ್ದು ಹೆಂಗಸರಿಗೆ, ತಾನು ಮಾತ್ರ ಕಿವಿಯಿಂದಲೇ ಕೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

ಅಷ್ಟರಲ್ಲಿ ಮಾಲಕರ ಫೋನು. "ಏನಾತವಾ? ಎಲ್ಲಾ ಸರಿ ಐತೋ ಇಲ್ಲೋ?"

"ಇನ್ನೂ ನೋಡಾಕತ್ತೇನ್ರಿ."

"ಎಷ್ಟ ನೋಡತೀ? ಇಲ್ನೋಡು, ಆ ಮನಷ್ಯಾ ನಮ್ಮ ತಂದಿ ಕಾಲದಾಂವ, ಅವನ್ನ ಕಳಕೊಳ್ಳಾಕ ನನಗೂ ಮನಸಿಲ್ಲ. ಆದ್ರ ಸ್ವಿಚ್ಚಿಗೆ ಬರಂಗಿಲ್ಲಂದ್ರ ಬ್ಯಾರೆ ಕೆಲಸ ನನ್ನ ಕಡೆ ಇಲ್ಲ. ಹಮಾಲಿ ಮಾಡೂ ವಯಸ್ಸ ಅಲ್ಲ ಅಂವಂದು. ತಿಳದ ಬರಿ."

ಭಾಬಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಮೇಜಿನ ಅಂಚು ಹಿಡಿದುಕೊಂಡು ಬಗ್ಗಿದಳು.

"ಬಾಯಾರ, ಹಂಗಾದ್ರ ಏನಾತ್ರಿ? ನಾ ಅಲ್ಲೇ ಇರತೇನಲ್ರಿ. ಇನ್ನ ಮ್ಯಾಲ ಒಂದ ದಿನಾನೂ ತಪ್ಪಸಂಗಿಲ್ಲ. ಮಗಳ ಬಾಣಂತನ ಇರಲಿ, ಯಾರ ಸಾಯಲಿ, ನಾ ಎಲ್ಲೂ ಹೋಗಂಗಿಲ್ಲ. ನಾ ಕೇಳತೇನಿ, ಅವರು ನೋಡತಾರ. ಇಬ್ಬರೂ ಕೂಡಿ ಒಂದ ಕಿವಿ ಅಂತ ತಿಳೀರಿ."

ನನಗೆ ಅಳು ಬಂತು. ಆಕೆ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಇಷ್ಟು ವರ್ಷ ಹಾಗೇ ನಡೆದಿತ್ತು, ಆಕೆ ಇದ್ದ ದಿನ ಒಬ್ಬರ ಕೂದಲೂ ಕೊಂಕಿರಲಿಲ್ಲ. ಪರೀಕ್ಷೆಯ ಹೊತ್ತಿಗೆ ಹೆಂಡತಿ ಒಳಗೆ ಕೂತಿದ್ದಳು ಎಂಬುದನ್ನು ಎಲ್ಲೂ ಬರೆಯದಿದ್ದರೆ ಯಾರಿಗೆ ತಿಳಿಯುತ್ತದೆ? ಮಾಲಕರಿಗೆ ಅದೇ ಬೇಕು, ಡಾಕ್ಟರಿಗೆ ಅದೇ ಬೇಕು, ಈ ಇಬ್ಬರಿಗಂತೂ ಅದೇ ಅನ್ನ. ಪೆನ್ನು ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟೆ. ಆ ಸಣ್ಣ ಜಾಗದಲ್ಲಿ ನಾಲ್ಕೂ ಕಡೆಯಿಂದ ಗೋಡೆ ಒತ್ತಿ ಬಂದಂತಾಗಿ ಉಸಿರು ಸಿಗಲಿಲ್ಲ. ಹತ್ತಿಯೊಳಗೆ ಸಿಕ್ಕವರ ಪಾಡು ಏನೆಂದು ನನಗೆ ಅಂದು ಗೊತ್ತಾಯಿತು.

ಎದ್ದು ಹೋಗಿ ನೀರು ಕುಡಿದು ಬಂದೆ. ಬರುವಾಗ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಉಳಿದಿತ್ತು.

"ಭಾಬಿ, ಹೂಲಿಯಾಕಿಗೆ ಏನಾತು ಅಂಬೂದು ನೀವು ಕೇಳೀರಲ್ಲ. ಸೆರಗ ಸಿಕ್ಕ ಕೂಡ್ಲೆ ಆಕಿ ನಿಂತಿದ್ಲೋ?"

"ಎಲ್ಲಿ ನಿಂದ್ರತಾಳ್ರಿ. ಪಟ್ಟಾ ಕೆಳಗ ಜಗ್ಗತೈತಿ. ಯಂತ್ರದ ಹಿಂದ ಬಿದ್ದಬಿಡತಾರ."

"ಮುಖ ಕಾಣತೈತೇನು?"

"ಇಲ್ರಿ."

"ನಾಳೆ ನಿಮ್ಮ ಸೆರಗ ಸಿಕ್ಕಿದ್ರ?"

ಆಕೆಯ ಕೈ ಸೆರಗಿನ ತುದಿಗೆ ಹೋಯಿತು. ಆಮೇಲೆ ಸಣ್ಣ ದನಿಯಲ್ಲಿ, "ನಾ ಸೆರಗ ಬಿಗದ ಕಟ್ಟಕೋತೇನ್ರಿ" ಎಂದಳು.

ಮಿಸ್ತ್ರಿ ನಮ್ಮಿಬ್ಬರ ಬಾಯಿಗಳನ್ನೂ ನೋ‍ಡುತ್ತಿದ್ದರು. ಅವರಿಗೆ ಎಲ್ಲವೂ ತಿಳಿದಿತ್ತು. "ಆಕಿ ಸಣ್ಣ ದನೀನೂ ನನಗ ಗುರ್ತು ಸಿಗತೈತ್ರಿ ಬಾಯಾರ," ಎಂದರು ತುಸು ಬಿರುಸಾಗಿ. "ಬ್ಯಾರೆದವರದು ಬಿಡ್ರಿ. ಇಷ್ಟ ವರ್ಷ ಆಕಿ ಕೂಡ ಬಾಳೆ ಮಾಡೇನಿ, ಆಕಿ ಒದರಿದ್ರ ನನಗ ಕೇಳದ ಇರಂಗಿಲ್ಲ."

"ಹಂಗಾದ್ರ ನೋಡೇ ಬಿಡೂಣು," ಎಂದೆ.

ಇಂಥ ಪರೀಕ್ಷೆ ನನಗೆ ಯಾರೂ ಕಲಿಸಿರಲಿಲ್ಲ. ಮಾಡಬೇಕೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ. ಭಾಬಿಯನ್ನು ನನ್ನ ಪಕ್ಕ ಮೈಕಿನ ಮುಂದೆ ಕೂರಿಸಿದೆ. ಒಳಗೆ ಕುರ್ಚಿಯನ್ನು ಪೂರ್ತಿ ತಿರುಗಿಸಿ, ಮಿಸ್ತ್ರಿಯ ಬೆನ್ನು ಗಾಜಿಗೆ ಬರುವಂತೆ ಇಟ್ಟೆ. ಅವರ ಕೈ ಕಾಣಲೆಂದು ಎದುರಿನ ಗೋಡೆಗೆ ವಾಶ್‌ಬೇಸಿನ್ನಿನ ಮೇಲಿದ್ದ ಕನ್ನಡಿ ತಂದು, ಅವರಿಗೆ ನಾವು ಕಾಣದಂತೆ ಓರೆಯಾಗಿ ಕೆಳಕ್ಕೆ ಒರಗಿಸಿದೆ. ಆ ಕನ್ನಡಿಯಲ್ಲಿ ನನಗೆ ಕಂಡದ್ದು ಅವರ ಕೈ ಮತ್ತು ಗದ್ದ, ಅಷ್ಟೇ.

"ಆಕಿ 'ಬಂದ್ ಮಾಡ್ರೀ' ಅಂತಾಳ. ಕೇಳಿದ ಕೂಡ್ಲೆ ಕೈ ಎತ್ರಿ. ಬಾಗಲಾ ಹಾಕಬೇಕಾಗತೈತಿ. ಒಳಗ ಒಬ್ಬರ ಇರತೀರಿ."

ಅವರು ಒಮ್ಮೆ ಬಾಗಿಲು ನೋಡಿದರು. "ಹಾಕ್ರಿ," ಎಂದರು.

ಕ್ಯಾಸೆಟ್ ಹಾಕಿ ಗದ್ದಲ ಬಿಟ್ಟೆ. ಮಿಸ್ತ್ರಿ ಕೈಯನ್ನು ತೊಡೆಯ ಮೇಲೆ ಎತ್ತಲು ತಯಾರಾಗಿ ಇಟ್ಟುಕೊಂಡರು. ನಾನು ಭಾಬಿಗೆ ಸನ್ನೆ ಮಾಡಿದೆ.

"ಬಂದ್ ಮಾಡ್ರೀ," ಎಂದಳು ನಾಚಿಕೊಂಡು. ಯಂತ್ರದ ಮೀಟರಿನ ಮುಳ್ಳು ಏಳಲೇ ಇಲ್ಲ. ಇನ್ನೂ ಜೋರು ಎಂದೆ. ಇನ್ನೂ. ಮುಳ್ಳು ಕ್ಯಾಸೆಟ್ಟಿನ ಗದ್ದಲಕ್ಕೆ ಸಮವಾಗಿ ಬಂತು. ಮಿಸ್ತ್ರಿಯ ಕೈ ಅಲುಗಲಿಲ್ಲ.

ಆಕೆ ನನ್ನ ಮುಖ ನೋಡಿದಳು. ಮತ್ತೆ ಕೂಗಿದಳು. ಆಮೇಲೆ ನನ್ನ ಸನ್ನೆಗೆ ಕಾಯಲಿಲ್ಲ. ಎದ್ದು ನಿಂತು ಎರಡೂ ಕೈಯಿಂದ ಮೈಕು ಹಿಡಿದುಕೊಂಡು ಒದರಿದಳು. ಬಂದ್ ಮಾಡ್ರೀ, ಬಂದ್ ಮಾಡ್ರೀ. ಹೊರಗೆ ಬೆಂಚಿನ ಮೇಲಿದ್ದ ಮಂದಿ ಬಾಗಿಲಿಗೆ ಬಂದು ಇಣುಕಿದರು. ಗಾಜಿನಾಚೆ ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡು, ಕತ್ತನ್ನು ತುಸು ಓರೆ ಮಾಡಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಗಮನ ಕೊಟ್ಟು ಕಾಯುತ್ತಿದ್ದರು. ಆಕೆಯ ದನಿ ಒಡೆಯಿತು. ಆಗ ಆಕೆ, ನಮ್ಮ ಕಡೆಯ ಯಾವ ಹೆಂಗಸೂ ನಾಲ್ಕು ಮಂದಿಯ ಎದುರಿಗೆ ಮಾಡದ ಕೆಲಸ ಮಾಡಿದಳು. ಗಂಡನ ಹೆಸರು ಹಿಡಿದು ಒದರಿದಳು. ಮತ್ತೆ ಮತ್ತೆ, ಬರೀ ಹೆಸರನ್ನೇ.

ಮಿಸ್ತ್ರಿ ಕತ್ತನ್ನು ಸ್ಪೀಕರಿನ ಕಡೆಗೆ ಇನ್ನಷ್ಟು ಚಾಚಿದರು. ಆಮೇಲೆ, ನಮಗೆ ಕೇಳಲಿ ಎಂದು ದನಿ ಎತ್ತರಿಸಿ ಕೇಳಿದರು:

"ಬಾಯಾರ, ಇನ್ನೂ ಶುರೂ ಮಾಡಿಲ್ಲೇನ್ರಿ?"

ನಾನು ಕ್ಯಾಸೆಟ್ ನಿಲ್ಲಿಸಿದೆ. ಬಾಗಿಲು ತೆರೆದೆ. ಮಿಸ್ತ್ರಿ ತಿರುಗಿದರು. ಹೆಂಡತಿ ನೆಲದ ಮೇಲೆ ಕೂತು, ಗಂಟಲು ಹಿಡಿದುಕೊಂಡು ಅಳುತ್ತಿದ್ದಳು. ಬಾಗಿಲಲ್ಲಿ ಮಂದಿ ನಿಂತಿದ್ದರು. ಮಿಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಒದರಿದ್ಲೇನ್ರಿ?"

"ಒದರಿದ್ರು."

"ಭಾಳ ಸಲಾ?"

ನಾನು ಭಾಬಿಯ ಕಡೆ ಬಗ್ಗಿದೆ. ಬೆಂಚಿನಿಂದ ಎದ್ದು ಬಂದಿದ್ದ ಒಬ್ಬ ಮುದುಕ ಹೇಳಿಬಿಟ್ಟ: "ಹೆಸರ ಹಿಡದ ಒದರಿದಳೋ ಮಾರಾಯಾ. ಬಜಾರಕ್ಕ ಕೇಳಸಿರಬೇಕು."

ಮಿಸ್ತ್ರಿ ಗೋಡೆ ಹಿಡಿದು ನಿಂತರು. ಆಮೇಲೆ ಹೆಂಡತಿಯ ಹತ್ತಿರ ಬಂದು, ಆಕೆಯ ಸೆರಗನ್ನು ನೆಲದಿಂದ ಎತ್ತಿ ಹೆಗಲ ಮೇಲೆ ಹಾಕಿದರು.

"ಬರೀರಿ ಬಾಯಾರ," ಎಂದರು. "ಸ್ವಿಚ್ಚಿಗೆ ಈ ಮನಷ್ಯಾ ಬ್ಯಾಡ ಅಂತ ಬರೀರಿ."

ಭಾಬಿ ಅವರ ಕಾಲು ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ದನಿ ಹೊರಡುತ್ತಿರಲಿಲ್ಲ. ಅವರು ಬಗ್ಗಿ ಆಕೆಯ ಕೈ ಬಿಡಿಸಿ ಎಬ್ಬಿಸಿದರು.

"ನೀ ಸಾಯಾಕತ್ತಿದ್ರೂ ನಾ ಅಲ್ಲೇ ನಿಂತು, ಇನ್ನೂ ಶುರೂ ಆಗಿಲ್ಲ ಅಂತ ಕಾಯತಿದ್ನಿ," ಎಂದರು. "ಏಳು. ಮನಿಗೆ ನಡಿ."